ಐಸ್ ಇಟ್ಟಾಗ ಎದ್ದ ರೆಪ್ಪೆ

ಅಕ್ಕಾ,

ಕಿರಿಮಂಜೇಶ್ವರದ ಸಮಸ್ತ ಜನತೆಗೆ ಸಾರಲಾಗುವುದೇನೆಂದರೆ, ಚೆನ್ನೈ ಆಸ್ಪತ್ರೆಯಲ್ಲಿ ಇಂದು ನಮ್ಮ ಭಾವನ ಎಡಗಣ್ಣಿನ ಜೋತುಬಿದ್ದ ರೆಪ್ಪೆ ಮೇಲೆದ್ದಿತು! ಡಾಕ್ಟರು ಅದರ ಮೇಲೆ ಸ್ವಲ್ಪ ಹೊತ್ತು ಐಸ್ ಇಟ್ಟಿದ್ದರು. ಆಯುಷ್ಯವಿಡೀ ಬಂಗುಡೆಗೆ ಐಸ್ ಹಾಕಿದ ಭಾವ ಸುಮ್ಮನಿರುತ್ತಾರೆಯೇ? “ಹ್ವಾಯ್, ನನ್ನನ್ನೂ ಐಸಿಗೆ ಹಾಕಿಯೇ ಬಿಟ್ರಲೆ! ಇನ್ನ್ ತಾಜಾ ಇತ್ತಾ ಅಂದ್ ಕಿವಿರ್ ಎತ್ತಿ ಕಾಂಬುದೊಂದೇ ಬಾಕಿ” ಎಂದರು.

ಸ್ವಲ್ಪ ಹೊತ್ತಿಗೆ ರೆಪ್ಪೆ ಮತ್ತೆ ಇಳಿಯಿತು. ಹಾಗೆ ಎದ್ದು ಇಳಿಯುವುದೇ ರೋಗದ ಗುರುತಂತೆ. ವೈರಸ್ಸು ಜೀವಕೋಶವನ್ನು ಹಿಡಿಯುವ ಕೊಂಡಿಯನ್ನು ಆಕಾರದಿಂದ ಗುರುತಿಸಿ ಮುಚ್ಚಬೇಕಾದ ಪ್ರತಿಕಾಯಗಳು, ಭಾವನ ಸ್ನಾಯುಗಳಲ್ಲಿ ನರದ ಸುದ್ದಿ ಪಡೆಯುವ ಗ್ರಾಹಕಗಳ ಮೇಲೆಯೇ ಅಂಟಿ ಕೂತಿವೆ. ಕಾವಲಿಗಿಟ್ಟವರು ಮನೆಬಾಗಿಲಿಗೇ ಅಡ್ಡ ಮಲಗಿದ ಹಾಗೆ. ನರ ಕಳಿಸಿದ ಸುದ್ದಿ ಸ್ನಾಯುವಿಗೆ ಮುಟ್ಟುವುದಿಲ್ಲ. ಈಗ ಗಂಟಲಿಗೂ ಬಂದಿದೆ, ಗಂಜಿಯೂ ಕಷ್ಟದಲ್ಲಿ ಇಳಿಯುತ್ತದೆ. ಉಸಿರಿಗೆ ಬಂದರೆ ಯಂತ್ರ ಹಾಕಬೇಕಾದೀತಂತೆ. ಮದ್ದು ಶುರುವಾಗಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ.

ಒಂದು ಉಪಕಾರ ಮಾಡು. ಸಂಜೆ ಫೋನ್ ಮಾಡಬೇಡ. ಆ ಹೊತ್ತಿಗೆ ಸ್ನಾಯು ದಣಿದು ಅವರ ಮಾತು ತೊದಲುತ್ತದೆ, ನೀನು “ಎಂತ? ಎಂತ?” ಎಂದು ಕೇಳಿದರೆ ಫೋನ್ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಮಲಗುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಮಾಡು.

ತಮ್ಮ ರತನ್