ಬಾಗಿಲ ಹಿಂದಿನ ನಾಗಪ್ಪ

ನರಸಾಪುರ ರಸ್ತೆ, ಹೈದರಾಬಾದ್
೫ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ನರಸಣ್ಣನಿಗೆ,

ನಿನ್ನ ತಂಗಿ ಸುಂದರಾಬಾಯಿಯ ನಮಸ್ಕಾರ. ವತ್ಸಲಾ ವೈನಿಗೂ ತಿಳಿಸು. ನಾವಿಬ್ಬರೂ ಆರಾಮ. ಪಂಚಮಿ ಮುಗಿದು ವಾರವಾದರೂ ಒಂದು ಮಾತಾಡಲಿಲ್ಲವೆಂದು ಸಿಟ್ಟಾಗಬೇಡ. ಫೋನ್ ಮಾಡಿದರೆ 'ಹಾವು' ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನೀನು "ಇಡತೀನಿ, ಬಾಗಿಲಿಗೆ ಯಾರೋ ಬಂದಾರ" ಅನ್ನುತ್ತೀಯ. ಮಿಯಾಪುರದ ಒಂಬತ್ತನೇ ಅಂತಸ್ತಿಗೆ ಅಷ್ಟೊಂದು ಜನ ಎಲ್ಲಿಂದ ಬರುತ್ತಾರೋ ನಾ ಕಾಣೆ! ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ಬಾಯಿ ಮುಚ್ಚಿಸಲು ನಿನ್ನಿಂದಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಹಾವು ಹೋಯಿತು. ಈಗ ಸಮಾಧಾನವಾಗಿ ಕೂತು ಪೂರ್ತಿ ಓದು.

ಅದು ನೀನು ಜೂನ್‌ನಲ್ಲಿ ನೋಡಿದ ಹಾವೇ. ನೀರಿನ ಟಾಕಿಯ ಪಕ್ಕ ಹೆಡೆ ಎತ್ತಿ ನಿಂತಿತ್ತಲ್ಲ, ಆ ನಾಗರಹಾವು. ನೀನು ಒಂದು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಕಾರು ಹತ್ತಿದ್ದೆ. "ಅದು ಇರೂತನಕ ನಿನ್ನ ಮನಿ ಹೊಸ್ತಿಲ ತುಳಿಯಂಗಿಲ್ಲ, ಸುಂದ್ರಾ" ಎಂದು ಗಾಜು ಏರಿಸಿಕೊಂಡೇ ಹೇಳಿದೆ. ಚಳಿಗಾಲದಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡವನು ನೀನು, ಹೆದರಿದ್ದಕ್ಕೆ ನಾನು ತಪ್ಪು ಹಿಡಿಯುವುದಿಲ್ಲ. ನಗು ಬಂದದ್ದು ಮಾತ್ರ ನಿಜ.

ಆದರೆ ಪಂಚಮಿಯೂ ಬಂತಲ್ಲ. ಈ ಮನೆಗೆ ಬರುವ ಮೊದಲು ನಾವು ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿದ್ದಾಗ ನೀನು ಒಂದು ವರ್ಷವೂ ತಪ್ಪಿಸಿದವನಲ್ಲ. ಮೆಟ್ರೊದಲ್ಲಿ ಕೂತು ಬೆವರು ಆರುವುದರೊಳಗೆ ಮುಟ್ಟುವ ದಾರಿ ಅದು, ಆದರೂ ನೀನೇ ಬಂದು, ಬಾಗಿಲಲ್ಲಿ ನಿಂತು "ತಂಗೀ, ಹಬ್ಬಕ್ಕ ಕರಿಯಾಕ ಬಂದೀನಿ" ಎಂದು ಕರೆದು, ನನ್ನ ಬ್ಯಾಗು ಹಿಡಿದು ನಡೆಯುತ್ತಿದ್ದೆ. ನಮ್ಮ ಕಲಬುರಗಿ ಕಡೆಯ ಪದ್ಧತಿ ಇಲ್ಲಿನ ಜನಕ್ಕೆ ತಿಳಿಯದೆ, ಕೆಳಗಿನ ಮನೆಯವರು "ಇಷ್ಟು ಸನಿಹದ ತವರಿಗೆ ಇಷ್ಟು ದೊಡ್ಡ ಬ್ಯಾಗಾ?" ಎಂದು ಆಡಿಕೊಳ್ಳುತ್ತಿದ್ದರು. ಈ ವರ್ಷ ನೀನು ಫೋನಿನಲ್ಲಿ "ಕ್ಯಾಬ್ ಬುಕ್ ಮಾಡತೀನಿ, ನೀನ ಬಂದುಬಿಡು" ಎಂದೆ. ನಾನು "ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅಣ್ಣ ಬಾಗಿಲಿಗೆ ಬಂದು ಕರೆಯದೆ ಪಂಚಮಿಗೆ ಹೋಗುವುದುಂಟೆ? ಅವ್ವ ಇದ್ದಿದ್ದರೆ ಕ್ಯಾಬನ್ನೇ ವಾಪಸ್ ಕಳಿಸುತ್ತಿದ್ದಳು. ಇರಲಿ, ಹಾವಿನ ಕಥೆಗೆ ಬರುತ್ತೇನೆ.

ನನ್ನ ತಲೆ ತಿಂದದ್ದು ಒಂದೇ ಪ್ರಶ್ನೆ. ಇಷ್ಟು ಹೊಲ, ಇಷ್ಟು ಕುರುಚಲು, ಆಚೆಗೆ ಕಾಡು, ಎಲ್ಲ ಬಿಟ್ಟು ಇದು ನಮ್ಮ ಕಾಂಪೌಂಡನ್ನೇ ಯಾಕೆ ಹಿಡಿಯಿತು? ಪಕ್ಕದ ಯಂಕಮ್ಮನ ಮನೆಯಲ್ಲಿ ಕೋಳಿ ಇವೆ, ಮೊಟ್ಟೆ ಇವೆ, ಅಲ್ಲಿ ಒಂದು ದಿನವೂ ಕಾಣಿಸಿಕೊಂಡಿಲ್ಲ. ಅವಳನ್ನು ಕೇಳಿದರೆ ಕೈ ಮುಗಿದು "ಏಂ ಚೆಯ್ಯದಮ್ಮಾ, ಅದಿ ಮನ ನಾಗಮ್ಮ" ಅನ್ನುತ್ತಾಳೆ. ಏನೂ ಮಾಡುವುದಿಲ್ಲ, ನಮ್ಮ ನಾಗಮ್ಮ ಅದು, ಅಂತ. ಹಾಗೆಂದು ಹೇಳಿ ತಾನು ಮಾತ್ರ ಸಂಜೆಯಾದರೆ ನಮ್ಮ ಗೋಡೆಯ ಕಡೆ ಸುಳಿಯುವುದಿಲ್ಲ.

ನಮ್ಮ ಮನೆಯವರ ಉಪಾಯ ಕೇಳು. ಜೀಡಿಮೆಟ್ಲಾದ ಔಷಧ ಫ್ಯಾಕ್ಟರಿಯಲ್ಲಿ ದುಡಿಯುವವರಲ್ಲವೇ, ಎಲ್ಲದಕ್ಕೂ ಡಬ್ಬಿಯಲ್ಲೇ ಮದ್ದು. ಮನೆಯ ಸುತ್ತ ಫಿನೈಲ್ ಸುರಿದು "ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ, ನೋಡತಿರು" ಎಂದರು. ಹಾವಿಗೆ ಏನೂ ಆಗಲಿಲ್ಲ. ನನಗೆ ಎರಡು ದಿನ ತಲೆನೋವು ಬಂತು.

ಕಡೆಗೆ ನಾನೇ ಪತ್ತೇದಾರಿಕೆಗೆ ಇಳಿದೆ. ಹಿಂದಿನ ಗೋಡೆಯ ಬುಡದಲ್ಲಿ ಒಂದು ಹುತ್ತ ಇದೆ. ಪ್ರತಿ ಸೋಮವಾರ ನಾನು ಅದಕ್ಕೆ ಹಾಲೆರೆದು, ಬಟ್ಟಲಲ್ಲಿ ಒಂದಿಷ್ಟು ಹಾಲು, ಜೊತೆಗೆ ನೆನೆಗಡಲೆ, ಕೊಬ್ಬರಿ, ಜೋಳ ಹುರಿದ ಅಳ್ಳು ಇಟ್ಟು ಬರುತ್ತಿದ್ದೆ. ನಿನಗೆ ಹೇಳಿರಲಿಲ್ಲ, ಯಾಕೆಂದು ಕಡೆಗೆ ಹೇಳುತ್ತೇನೆ. ಮರುದಿನ ನೋಡಿದರೆ ಎಲ್ಲ ಖಾಲಿ. ನಾಗಪ್ಪ ಒಪ್ಪಿಸಿಕೊಂಡ ಎಂದು ನನಗೆ ಎಷ್ಟು ಖುಷಿ! ಒಮ್ಮೆ ಅದು ಬಂದು ಕುಡಿಯುವ ಗುರುತನ್ನಾದರೂ ನೋಡೋಣವೆಂದು ಸಂಜೆ ಹುತ್ತದ ಸುತ್ತ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ಬಂದೆ.

ಬೆಳಿಗ್ಗೆ ಚಹಾ ಕೂಡ ಕುಡಿಯದೆ ಓಡಿದೆ. ಪುಡಿಯ ತುಂಬ ಪುಟ್ಟ ಪುಟ್ಟ ಕಾಲಿನ ಗುರುತು. ಅವುಗಳ ಮೇಲೆ ಹಾದುಹೋದ ಒಂದು ಅಗಲವಾದ ಗೆರೆ, ಒದ್ದೆ ಹಗ್ಗ ಎಳೆದ ಹಾಗೆ. ಅಣ್ಣಾ, ಆ ಗೆರೆ ಹಾಲಿನ ಬಟ್ಟಲಿನ ಹತ್ತಿರ ಹೋಗಿರಲೇ ಇಲ್ಲ! ನೆಟ್ಟಗೆ ಗೋಡೆಯ ಸಂದಿಗೆ ಹೋಗಿತ್ತು. ಇದೆಂಥ ದೇವರಪ್ಪಾ, ನೈವೇದ್ಯ ಬಿಟ್ಟು ಸಂದಿಗೆ ಹೋಗುವುದು ಎಂದು ಬೆರಗಾದೆ. ಇವರನ್ನು ಕರೆದು ತೋರಿಸಿದರೆ "ಇಲಿ ಭಾಳ ಆಗ್ಯಾವ, ಬೋನ್ ತರತೀನಿ" ಎಂದು ಒಳಗೆ ಹೋದರು. ಬೋನು ಇನ್ನೂ ಬಂದಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಪಡಸಾಲೆ ಗುಡಿಸುತ್ತಿದ್ದೆ. ಮುಂಬಾಗಿಲ ಹಿಂದೆ ನನ್ನ ಬ್ಯಾಗು ಇತ್ತು. ಅದನ್ನು ಸರಿಸಿದ್ದೇ ತಡ, ಕುಕ್ಕರಿನ ವಿಶಲ್ ಕೂಗುವ ಮೊದಲು ಬರುತ್ತದಲ್ಲ, ಆ ಸದ್ದು. ನೋಡಿದರೆ ಬ್ಯಾಗಿಗೂ ಗೋಡೆಗೂ ನಡುವೆ ಸುರುಳಿ ಸುತ್ತಿಕೊಂಡು, ಹೆಡೆ ಬಿಚ್ಚಿ ಕೂತಿದೆ. ನಮ್ಮ ಮನೆಯವರು ಪೇಪರ್ ಸಮೇತ ಡೈನಿಂಗ್ ಟೇಬಲ್ ಹತ್ತಿದರು. ಈ ವಯಸ್ಸಿನಲ್ಲಿ ಅಷ್ಟು ಚುರುಕು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. "ಸುಂದ್ರಾ, ಹಿಂದ ಸರಿ! ಹಿಂದ ಸರಿ ಅಂತೀನಿ!"

ಸರಿದೆ. ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹೋಗಿ ನಿಂತೆ. ಕಣ್ಣು ಮಾತ್ರ ಕೀಳಲಾಗಲಿಲ್ಲ. ವರ್ಷವರ್ಷ ಮಣ್ಣಿನಲ್ಲಿ ಮಾಡಿ ಪೂಜಿಸಿದ್ದನ್ನು ಜೀವಂತವಾಗಿ ಇಷ್ಟು ಹತ್ತಿರದಿಂದ ಯಾವಾಗ ನೋಡಿದ್ದೆ? ಹೊಟ್ಟೆಯ ಬಣ್ಣ ಮಾಸಿದ ಹಾಲಿನ ಕೆನೆಯಂತೆ. ನಾಲಿಗೆ ಚಾಚಿ ಚಾಚಿ ನನ್ನ ಬ್ಯಾಗಿನ ಮೂಲೆಯನ್ನು ಪರೀಕ್ಷೆ ಮಾಡುತ್ತಿತ್ತು. ನನ್ನ ಕಡೆ ಅದಕ್ಕೆ ಲಕ್ಷ್ಯವೇ ಇರಲಿಲ್ಲ.

ಇವರು ಟೇಬಲ್ ಮೇಲಿಂದಲೇ ಹಾವು ಹಿಡಿಯುವವರಿಗೆ ಫೋನ್ ಮಾಡಿದರು. ಯಾರೋ ಮೀಸೆಯವರು ಬರುತ್ತಾರೆಂದು ಕಾದರೆ, ಸ್ಕೂಟರಿನಿಂದ ಇಳಿದವಳು ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ. ನಿಖಿತಾ ಎಂದು ಹೆಸರು, ಊರು ಕುಂದಾಪುರ. ವಾರವೆಲ್ಲ ಕಂಪ್ಯೂಟರ್ ಕೆಲಸ, ರಜೆಯ ದಿನ ಇದು. ನಾವು ಹಿಂದಿಯಲ್ಲಿ ತಡವರಿಸುವುದನ್ನು ಕೇಳಿ "ಆಂಟಿ, ಕನ್ನಡದಲ್ಲೇ ಹೇಳಿ ಮಾರಾಯ್ರೆ" ಎಂದಳು. ಜೀವಕ್ಕೆ ಎಷ್ಟು ಹಿತವಾಯಿತು ಗೊತ್ತಾ?

"ಹೆದರ್ಬೇಡಿ, ಅದಕ್ಕೆ ನಿಮಗಿಂತ ಜಾಸ್ತಿ ಹೆದರಿಕೆ ಉಂಟು" ಎನ್ನುತ್ತಲೇ ಕೊಕ್ಕೆಯಿಂದ ಮೆಲ್ಲಗೆ ಎತ್ತಿ, ಒಂದು ಪೈಪಿನ ಬಾಯಿ ತೋರಿಸಿದಳು. ಕತ್ತಲು ಕಂಡದ್ದೇ ಅದು ತಾನಾಗಿ ಒಳಗೆ ಹರಿದು ಚೀಲ ಸೇರಿತು. ಚೀಲ ಕಟ್ಟಿದ ಮೇಲೆ ಬ್ಯಾಗಿನ ಮೂಲೆ ನೋಡಿದಳು. ಇಲಿ ಕಡಿದು ತೂತು ಮಾಡಿತ್ತು, ಅಲ್ಲಿಂದ ಜೋಳದ ಅಳ್ಳು ಚೆಲ್ಲಿತ್ತು.

"ಹೊರಗೆಲ್ಲಾದ್ರೂ ತಿನ್ನುವಂಥದ್ದು ಎಂತದಾದ್ರೂ ಇಡ್ತೀರಾ?" ಎಂದು ಕೇಳಿದಳು. ಹುತ್ತ ತೋರಿಸಿದೆ. ಅವಳು ಮೊಣಕಾಲೂರಿ ಗೋಡೆಯ ಸಂದಿಗೆ ಟಾರ್ಚ್ ಬಿಟ್ಟಳು. ಒಳಗೆಲ್ಲ ಇಲಿಬಿಲ, ಕಡಲೆ ಸಿಪ್ಪೆ.

"ಆಂಟಿ, ಹಾವು ಹಾಲು ಕುಡಿಯುದಿಲ್ಲ, ಕಡಲೆ ತಿನ್ನುದಿಲ್ಲ. ನೀವು ಇಷ್ಟು ದಿನ ಊಟ ಹಾಕಿದ್ದು ಇಲಿಗೆ. ಇಲಿ ಇದ್ದಲ್ಲಿಗೆ ಅದು ಬಂತು. ಅದನ್ನು ನೀವೇ ಕರ್ದದ್ದು."

ನಗುತ್ತಲೇ ಹೇಳಿದಳು, ಪಾಪ. ನಾನು ಹುತ್ತದ ಮುಂದಿನ ಬಟ್ಟಲನ್ನು ಎತ್ತಿಕೊಂಡು ಒಳಗೆ ಬಂದೆ. ಅವಳಿಗೆ ಚಹಾ ಕೊಟ್ಟೆ, ಪಂಚಮಿಯ ಉಂಡಿ ಕೊಟ್ಟೆ. ಹಾವನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ ಕಾಡಿಗೆ ಬಿಡುವುದಾಗಿ ಹೇಳಿ ಹೋದಳು. ಸಂದಿಯನ್ನು ನಿನ್ನೆ ಸಿಮೆಂಟಿನಿಂದ ಮುಚ್ಚಿಸಿದೆವು. ಇನ್ನು ಇಲಿಯೂ ಇಲ್ಲ, ಹಾವೂ ಇಲ್ಲ.

ಅವಳು ಹೋದ ಮೇಲೆ ಇವರು ಟೇಬಲ್ ಇಳಿದು, ಬ್ಯಾಗನ್ನೇ ನೋಡುತ್ತ "ಇದು ಇನ್ನೂ ಇಲ್ಲೇ ಯಾಕ ಐತಿ?" ಎಂದರು. ನಾನು ಚೆಲ್ಲಿದ ಅಳ್ಳು ಬಳಿದೆ.

ಮಾತ್ರೆ ತಪ್ಪಿಸಬೇಡ. ವೈನಿ ನಡಿ ಎಂದಾಗ ವಾಕಿಂಗಿಗೆ ನಡಿ, ಲಿಫ್ಟಿನಲ್ಲಿ ಇಳಿದು ಬೆಂಚಿನ ಮೇಲೆ ಕೂತು ಬರಬೇಡ, ನನಗೆಲ್ಲ ಸುದ್ದಿ ಬರುತ್ತದೆ. ನಮ್ಮ ಕುಲದೇವರು ನಿನ್ನನ್ನು ನೂರು ವರ್ಷ ಗಟ್ಟಿಯಾಗಿ ಇಟ್ಟಿರಲಿ. ನಿನ್ನ ಮನೆಯ ಹೊಸ್ತಿಲು ತಣ್ಣಗಿರಲಿ, ವೈನಿಯ ಕುಂಕುಮ ಕೆಂಪಗಿರಲಿ.

ನಿನ್ನ ತಂಗಿ,
ಸುಂದ್ರಾ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಸೋಮವಾರದ ಹಾಲು ಯಾಕೆಂದು ಹೇಳುತ್ತೇನೆ ಎಂದಿದ್ದೆನಲ್ಲ. ನಿನ್ನನ್ನು ಆಪರೇಷನ್ ಕೋಣೆಗೆ ಒಯ್ದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಪ್ರತಿ ಸೋಮವಾರ ನಾಗಪ್ಪನಿಗೆ ಹಾಲೆರೆಯುತ್ತೇನೆಂದು ಹರಕೆ ಹೊತ್ತೆ. ಪಂಚಮಿಗೆ ಎಲ್ಲರ ಹೆಸರು ಹೇಳಿ ಎರೆಯುತ್ತೇವಲ್ಲ, ಅವ್ವನ ಪಾಲು, ಅಪ್ಪನ ಪಾಲು ಎಂದು. ಸೋಮವಾರ ನಾನು ಎರೆದದ್ದು ಒಂದೇ ಪಾಲು, ಅಣ್ಣನ ಪಾಲು. ಅದೇ ಇಲಿಯನ್ನು ತಂದಿತು, ಇಲಿ ಹಾವನ್ನು ತಂದಿತು, ಹಾವು ನಿನ್ನನ್ನು ತಡೆಯಿತು. ನಾನು ಕರೆದದ್ದು ನಿನ್ನ ಆಯುಷ್ಯವನ್ನು ಅಣ್ಣಾ, ಬಂದದ್ದು ಅದು.

ಹರಕೆ ಬಿಟ್ಟರೆ ನಿನಗೇನಾದರೂ ಆದೀತೆಂದು ನಿನ್ನೆ ಬಟ್ಟಲು ಹಿಡಿದು ಭಾಳ ಹೊತ್ತು ನಿಂತೆ. ಕಡೆಗೆ ಆ ಹಾಲನ್ನು ಯಂಕಮ್ಮನ ಮೊಮ್ಮಗಳಿಗೆ ಕುಡಿಸಿದೆ, ನಿನ್ನ ಹೆಸರು ಹೇಳಿಯೇ. ಮುಟ್ಟೀತು ಅನ್ನಿಸುತ್ತದೆ.

ಆ ಬ್ಯಾಗು ಪಂಚಮಿಯ ಹಿಂದಿನ ದಿನ, ಚೌತಿಯ ಸಂಜೆ ಕಟ್ಟಿದ್ದು. ಎರಡು ಸೀರೆ, ವೈನಿಗೆ ಕುಪ್ಪಸದ ಖಣ, ನಿನಗೆ ಅಳ್ಳು ಮತ್ತು ತಂಬಿಟ್ಟು. ಹಾವಿಗೆ ಹೆದರಿದರೂ ನನಗಾಗಿ ಬಂದೇ ಬರುತ್ತೀಯ ಎಂದುಕೊಂಡಿದ್ದೆ. ಪಂಚಮಿಯ ದಿನ ಇಳಕಲ್ ಸೀರೆ ಉಟ್ಟು ಗೇಟಿನ ಸದ್ದು ಕೇಳುತ್ತ ಕೂತೆ. ಮಧ್ಯಾಹ್ನ ಇವರು "ಇನ್ನ ಬರಂಗಿಲ್ಲ ಬಿಡು, ಉಣ್ಣು ಬಾ" ಎಂದರು, ಹಸಿವಿಲ್ಲವೆಂದೆ. ಭಾಳ ಅತ್ತೆ ಅಣ್ಣಾ. ಬ್ಯಾಗು ಬಿಚ್ಚಿಟ್ಟರೆ ನೀನು ಬರಲಿಲ್ಲವೆಂಬುದು ಖರೇ ಆಗುತ್ತದೆಂದು ಬಿಚ್ಚಲೇ ಇಲ್ಲ.

ಮೂಲೆ ಹೊಲಿದು, ಹೊಸ ಅಳ್ಳು ಹುರಿದು ತುಂಬಿ ಅಲ್ಲೇ ಬಾಗಿಲ ಹಿಂದೆ ಇಟ್ಟಿದ್ದೇನೆ. ಶ್ರಾವಣ ಇನ್ನೂ ಮುಗಿದಿಲ್ಲ. ಒಂದೇ ಚಪ್ಪಲಿ ಹಾಕಿಕೊಂಡು ಬಂದರೂ ನಡೆಯುತ್ತದೆ, ಇನ್ನೊಂದನ್ನು ತೊಳೆದು ಹೊಸ್ತಿಲಲ್ಲೇ ಇಟ್ಟಿದ್ದೇನೆ.