ಬಂಡೆಯ ಮೇಲಿನ ದೀಪ

ಗೋಪೀ, ತಕ್ಷಣ ಹೊರಟು ಬಾ, ನಿನ್ನ ದೀಪಸ್ತಂಭದ ಪಾಯ ಸಿಕ್ಕಿದೆ!

ಇಲ್ಲ ಕಣೋ, ಸುಳ್ಳು. ಸತ್ತವನನ್ನೂ ಬೇಸ್ತು ಬೀಳಿಸುವ ಚಟ ನನ್ನದು.

ಇವತ್ತು ನಿನ್ನ ಮಗಳು ಮಾಲವಿಕಾ ರಾಜಾಜಿನಗರದ ಮನೆಗೆ ಎರಡು ಹಾಳೆ ಹಿಡಿದು ಬಂದಿದ್ದಳು. ಒಂದು, ನಿನ್ನ ಕಡತದಲ್ಲಿದ್ದ 1864ರ ಸರ್ಕಾರಿ ಆದೇಶ: ನಿನ್ನ ಮುತ್ತಜ್ಜನ ದೋಣಿ ಒಡೆದ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿಸಿದ್ದೇವೆ ಎಂದು. ಇನ್ನೊಂದು, ದಾಖಲೆ ಕಚೇರಿಯಲ್ಲಿ ಅವಳಿಗೆ ಸಿಕ್ಕ ಅಸಲಿ ಆದೇಶ: ಅಲ್ಲಿ ಓಡಾಡುವುದು ಬರೀ ಸಣ್ಣ ದೋಣಿಗಳು, ದೀಪ ಅನಗತ್ಯ.

“ಅಂಕಲ್, ಅಲ್ಲಿ ದೀಪಾನೇ ಇರ್ಲಿಲ್ಲ. ಅಪ್ಪ ಅದರ ಪಾಯ ಹುಡುಕ್ತೀನಿ ಅಂತ ದೋಣಿ ಹತ್ತಿ ಮುಳುಗಿದ್ದು ಈ ಹಾಳೆ ನಂಬಿ. ಯಾರು ಬರ್ದಿರ್ಬೋದು?”

“ಯಾರೋ ಗುಮಾಸ್ತ ಕಣಮ್ಮ. ಆಗೆಲ್ಲ ದೀಪಕ್ಕಿಂತ ಕಡತಕ್ಕೇ ಎಣ್ಣೆ ಜಾಸ್ತಿ ಹಾಕ್ತಿದ್ರು,” ಎಂದೆ. ಅವಳು ನಗಲಿಲ್ಲ.

ಈಗ ಹೊರಗೆ ಮೆಟ್ರೋ ಹಾದಾಗಲೆಲ್ಲ ಅದರ ಬೆಳಕು ನನ್ನ ಗೋಡೆಯ ಮೇಲೆ ಸುತ್ತಿ, ಯಾರನ್ನೋ ಹುಡುಕಿ ಹೋಗುತ್ತದೆ.

ನೀನು ಆ ಪಾಯ ಹುಡುಕಲು ರೈಲು ಹತ್ತಿದ ದಿನವೇ ಹೇಳಬಹುದಿತ್ತು. ವಾಪಸು ಬಂದಾಗ ಹೇಳಿದರೆ ನಗು ಜಾಸ್ತಿ ಎಂದು ಬಾಯಿ ಮುಚ್ಚಿಕೊಂಡೆ. ಆ ಆದೇಶ ಬರೆದು, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದು ಮಾಡಿ, ನಿನ್ನ ಕಡತಕ್ಕೆ ಸೇರಿಸಿದವನು ನಾನೇ.