ಏಳನೇ ಫಾರಂ

ನಾದಿನಿ ಪುಟ್ಟಿಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ಇವತ್ತು ಸೋಮವಾರ, ನನ್ನ ಉಪವಾಸ. ಬೆಳಿಗ್ಗೆ ಎದ್ದು ನೀರು ತುಂಬಿಸಿ, ಮನೆ ಗುಡಿಸಿ ಒರೆಸಿ, ದೇವರ ಮುಂದೆ ದೀಪ ಹಚ್ಚಿ, ಬಟ್ಟೆ ಒಗೆದು ಹರವಿದ್ದಾಯಿತು. ಉಪವಾಸದ ದಿನ ಒಲೆಯ ಕೆಲಸವಿಲ್ಲ, ಒಂದು ಗಂಟೆ ಉಳಿಯುತ್ತದೆ. ಬೈಂಡಿಂಗ್ ಮನೆಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಹಳ್ಳಿ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ತಿದ್ದಿಸಿದ್ದು. ಅಂದವಿಲ್ಲ, ಆದರೆ ಓದಲು ಬರುತ್ತದೆ.

ನೀನು ನಿನ್ನ ಬಾಡಿಗೆ ಪುಸ್ತಕದ ಅಂಗಡಿಯಿಂದ ಕಳಿಸಿದ ನಾಲ್ಕು ಕಾದಂಬರಿಗಳೂ ತಲುಪಿದವು. ನಾಲ್ಕನ್ನೂ ಓದಿದೆ. ಮೇಲಿನ ಪುಸ್ತಕದಲ್ಲಿ ನೀನಿಟ್ಟಿದ್ದ ಚೀಟಿಯನ್ನೂ ಓದಿದೆ. “ಅತ್ತಿಗೆ, ಈ ನಾಲ್ಕರಲ್ಲಿ ಒಂದಕ್ಕಾದರೂ ನಿಮಗೆ ಅಳು ಬಂದರೆ ಬರೆಯಿರಿ, ಮನೆಗೆ ಬರುತ್ತೇನೆ. ಬರದಿದ್ದರೆ ಪುಸ್ತಕ ಮಾತ್ರ ವಾಪಸ್ ಕಳಿಸಿ.” ಏಳು ತಿಂಗಳಲ್ಲಿ ನಿನ್ನಿಂದ ಬಂದ ಮಾತು ಇಷ್ಟೇ. ನಿನ್ನಣ್ಣ ಹೋದ ದಿನ ಎಲ್ಲರೆದುರು ನೀನು ಅಂದದ್ದು ನನಗೆ ನೆನಪಿದೆ. “ನೀವು ಕಲ್ಲು ಅತ್ತಿಗೆ. ಕಲ್ಲಾದ್ರೂ ಮಳೆ ಬಂದ್ರೆ ಒದ್ದೆ ಆಗುತ್ತೆ.” ನಾಲ್ಕನೇ ದಿನಕ್ಕೆ ನಾನು ಕೆಲಸಕ್ಕೆ ಹೋದೆನೆಂದು ತಿಳಿದ ಮೇಲೆ ನೀನು ಬೈಯುವುದನ್ನೂ ಬಿಟ್ಟೆ. ಅದೇ ಕಷ್ಟವಾಯಿತು. ನಾನು ಈ ಮನೆಗೆ ಬಂದಾಗ ನಿನಗೆ ಹನ್ನೊಂದು ವರ್ಷ. ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ನಮಗೆ ಮಕ್ಕಳಾಗಲಿಲ್ಲವೆಂದು ಊರವರು ಕೊರಗಿದಷ್ಟು ನಾನು ಕೊರಗಲಿಲ್ಲ, ನೀನಿದ್ದೆಯಲ್ಲ.

ನಮ್ಮಲ್ಲಿ ಅಂಟು ಬಳಿಯುವ ಗೋಂದಕ್ಕನಿಗೆ ಚೀಟಿ ತೋರಿಸಿದೆ. ಅವಳು ಬ್ರಷ್ ಕೆಳಗಿಡದೆಯೇ ತೀರ್ಪು ಕೊಟ್ಟಳು. “ಅದಕ್ಯಾಕೆ ತಲೆ ಕೆಡಿಸ್ಕೋತೀಯ? ‘ಅತ್ತೆ’ ಅಂತ ಬರಿ, ಮುಗೀತು. ಅವಳೇನು ಕಣ್ಣೀರು ಅಳೆಯೋಕೆ ಪಾವು ಹಿಡ್ಕೊಂಡು ಬರ್ತಾಳಾ?” ನಾನೆಂದೆ, “ನಾನು ಯಾರಿಗೂ ಅತ್ತೆ ಆದವಳಲ್ಲ ಕಣೆ, ಬರೀ ಅತ್ತಿಗೆ.” ಅವಳು ನಕ್ಕ ರಭಸಕ್ಕೆ ಅಂಟು ಅವಳ ಸೆರಗಿಗೇ ಸಿಡಿಯಿತು. ಆದರೆ ಉಪವಾಸದ ದಿನ ಸುಳ್ಳು ಬರೆಯುವ ಧೈರ್ಯ ನನಗಿಲ್ಲ. ಬೇರೆ ದಿನವೂ ಇಲ್ಲ ಅನ್ನು. ಓದಿದ್ದನ್ನು ಓದಿದ ಹಾಗೇ ಹೇಳುತ್ತೇನೆ. ಪುಸ್ತಕಗಳ ಹೆಸರು ಮಾತ್ರ ಎತ್ತುವುದಿಲ್ಲ. ಬರೆದವರೂ ಯಾರದೋ ಮನೆಯ ಮಕ್ಕಳು, ಬೆನ್ನು ನೋಯಿಸಿಕೊಂಡು ಬರೆದಿರುತ್ತಾರೆ.

ಮೊದಲನೆಯದು ಶ್ರೀಮಂತ ಗಂಡು, ಟೈಪಿಸ್ಟ್ ಹುಡುಗಿ. ಮೂರನೇ ಪುಟದಲ್ಲೇ ಅವನು ಅವಳ ಮುಂಗೈ ಹಿಡಿದು ಎಳೆಯುತ್ತಾನೆ, ಬಳೆ ಒಡೆಯುತ್ತದೆ, ಅವಳಿಗೆ ಪ್ರೀತಿ ಹುಟ್ಟುತ್ತದೆ. ನಮ್ಮ ಬೈಂಡಿಂಗ್ ಮನೆಯಲ್ಲಿ ಯಾರಾದರೂ ಹಾಗೆ ಹಿಡಿದರೆ ಮೇಸ್ತ್ರಿಯ ಹತ್ತಿರ ಹೋಗುವ ಮೊದಲೇ ಗೋಂದಕ್ಕನ ಬ್ರಷ್ ಅವನ ಮುಖದ ಮೇಲಿರುತ್ತಿತ್ತು. ಇನ್ನೂರು ಪುಟದಲ್ಲಿ ಅವಳ ತುಟಿಯ ಮಾತು ಹತ್ತೊಂಬತ್ತು ಸಲ ಬಂದಿದೆ, ಅವಳು ಊಟ ಮಾಡಿದ್ದು ಒಂದೇ ಸಲ, ಅದೂ ಅರ್ಧಕ್ಕೆ ಎದ್ದು ಹೋಗುತ್ತಾಳೆ. ಆ ತಟ್ಟೆ ಯಾರು ತೊಳೆದರೋ ಬರೆದಿಲ್ಲ. ಕೊನೆಗೆ ಅವನು ಕ್ಷಮೆ ಕೇಳಿದಾಗ ಅಳು ಬರಬೇಕಿತ್ತೆಂದು ಕಾಣುತ್ತದೆ. ನಾನು ಪುಟ ತಿರುಗಿಸಿದೆ, ಮುಂದೆ ಜಾಹೀರಾತು ಇತ್ತು.

ಎರಡನೆಯದು ಮೂವತ್ತು ವರ್ಷ ಅಗಲಿದ್ದವರು ಮುದಿ ವಯಸ್ಸಿನಲ್ಲಿ ರೈಲ್ವೇ ಸ್ಟೇಷನ್ನಿನಲ್ಲಿ ಸೇರುವುದು. ಇದು ಚೆನ್ನಾಗಿದೆ. ಬರೆದಾಕೆಗೆ ಕೈ ಇದೆ, ಸುಳ್ಳು ಹೇಳಬಾರದು. ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿದೆ, ಗೋಂದಕ್ಕ ಬಿಕ್ಕಿ ಬಿಕ್ಕಿ ಅತ್ತಳು. “ನಿನಗೇನೂ ಆಗಲ್ವೇನೇ?” ಎಂದು ನನ್ನನ್ನೇ ಬೈದಳು. ನನಗೆ ಅನ್ನಿಸಿದ್ದು ಇಷ್ಟು: ಸಾಯುವ ಮುದುಕ ನಾಲ್ಕು ಪುಟ ಮಾತಾಡುತ್ತಾನೆ. ಸಾಯುವವರಿಗೆ ಅಷ್ಟು ಉಸಿರಿರುವುದಿಲ್ಲ. ಅದನ್ನು ಹೇಳಿದ್ದಕ್ಕೆ ಅವಳು ಎರಡು ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಮೂರನೆಯದು ದೆವ್ವದ ಕಥೆ. ಸತ್ತ ಹೆಂಡತಿ ಗೆಜ್ಜೆ ಕಟ್ಟಿಕೊಂಡು ಗಂಡನ ಬಂಗಲೆಗೆ ಬರುತ್ತಾಳೆ. ಇದನ್ನು ಅಳುವುದಕ್ಕೆ ಕಳಿಸಿದೆಯೋ ಹೆದರುವುದಕ್ಕೋ ತಿಳಿಯಲಿಲ್ಲ. ಬಾಗಿಲು ಕಿರುಗುಟ್ಟಿದರೆ ಆ ಗಂಡ ಕಿರುಚಿ ಓಡುತ್ತಾನೆ. ದೇವರನ್ನು ನಂಬಿದವಳು ನಾನು, ದೆವ್ವಕ್ಕೆ ಹೆದರುವುದಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ. ಸತ್ತವರು ಬರುವುದು ಅಷ್ಟು ಸುಲಭವೆಂದು ಬರೆಯಬಾರದು. ನಮ್ಮ ಬಾಗಿಲೂ ಕಿರುಗುಟ್ಟುತ್ತದೆ. ಎಣ್ಣೆ ಬಿಡದೆ ಹಾಗೇ ಇಟ್ಟಿದ್ದೇನೆ. ಗಾಳಿ ಬರುತ್ತದೆ, ಹೋಗುತ್ತದೆ.

ನಾಲ್ಕನೆಯದರ ಮೊದಲ ಪುಟದಲ್ಲಿ ನೀನೇ ಪೆನ್ಸಿಲಿನಲ್ಲಿ “ಹಾಳು ಪ್ರತಿ” ಎಂದು ಬರೆದಿದ್ದೀಯ. ಬಾಡಿಗೆಗೆ ಒಯ್ದವರು ಬೈದು ಹಿಂದಿರುಗಿಸಿರಬೇಕು. ಅತ್ತಿಗೆಗೆ ಹಾಳು ಪ್ರತಿ ಸಾಕು ಅಂದುಕೊಂಡೆಯೋ ಏನೋ, ಇರಲಿ. ಇದೂ ಪ್ರೇಮದ್ದೇ. ಹುಡುಗ ಇಂಜಿನಿಯರ್, ಹುಡುಗಿ ಸಂಗೀತದವಳು. ತೊಂಬತ್ತಾರು ಪುಟ ಇಬ್ಬರೂ ಒಬ್ಬರಿಗೊಬ್ಬರು ಕಾಫಿ ಕುಡಿಸುವುದೇ ಕೆಲಸ. ತೊಂಬತ್ತಾರನೇ ಪುಟದ ಕೊನೆಯ ಸಾಲಿನಲ್ಲಿ ಅವನು ನಡುಗುತ್ತಾ ಅವಳ ಕೈ ಹಿಡಿಯುತ್ತಾನೆ. ತೊಂಬತ್ತೇಳನೇ ಪುಟದ ಮೊದಲ ಸಾಲಿನಲ್ಲಿ ಇನ್ಸ್‌ಪೆಕ್ಟರ್ ಹೆಣದ ಮುಷ್ಟಿ ಬಿಡಿಸುತ್ತಾನೆ. ಅಬ್ಬ, ಕೊನೆಗೂ ಒಬ್ಬರು ತಲೆ ಇರುವ ಪ್ರೇಮಕಥೆ ಬರೆದರು ಅಂದುಕೊಂಡೆ. ಎರಡು ಪುಟ ಓದಿದ ಮೇಲೆ ಕೈ ನಿಂತಿತು.

ನಿನಗೆ ನಮ್ಮ ಕೆಲಸ ಸ್ವಲ್ಪ ಗೊತ್ತು, ಪೂರ್ತಿ ಗೊತ್ತಿಲ್ಲ. ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಉದ್ದ ಮೇಜಿನ ಮೇಲೆ ಒಂದನೇ ಫಾರಂ, ಎರಡನೇ ಫಾರಂ ಎಂದು ಸಾಲಾಗಿ ಗುಡ್ಡೆ ಇಟ್ಟಿರುತ್ತಾರೆ. ನಾವು ಮೇಜಿನ ಸುತ್ತ ನಡೆಯುತ್ತಾ ಒಂದೊಂದನ್ನೇ ಎತ್ತಿ ಜೋಡಿಸುತ್ತೇವೆ, ಆಮೇಲೆ ಕೂತು ಹೊಲಿಯುತ್ತೇವೆ. ಫಾರಮಿನ ಅಡಿಯಲ್ಲಿ ಸಣ್ಣದಾಗಿ ಅಂಕಿ ಇರುತ್ತದೆ, ಕಣ್ಣು ಅದನ್ನೇ ನೋಡುವುದು. ಆ ಪ್ರೇಮಕಥೆಯೊಳಗೆ ಏಳನೆಯದರ ಜಾಗದಲ್ಲಿ ಏಳನೆಯದೇ ಇತ್ತು. ಪುಟದ ಸಂಖ್ಯೆಯೂ ಸರಿ. ಕಥೆ ಮಾತ್ರ ಬೇರೆಯದು, ಪತ್ತೇದಾರಿ ಕಾದಂಬರಿಯದು. ಪುಸ್ತಕ ಬಿಡಿಸಿ ಹೊಲಿಗೆ ನೋಡಿದೆ. ನಾನು ಎಡಗೈಯವಳು, ನನ್ನ ದಾರದ ಗಂಟು ಎಡಕ್ಕೆ ಬೀಳುತ್ತದೆ. ಗಂಟು ಎಡಕ್ಕಿತ್ತು. ಆ ಎರಡು ಪುಸ್ತಕಗಳೂ ಪಕ್ಕಪಕ್ಕದ ಮೇಜಿನ ಮೇಲೆ ಇದ್ದದ್ದು ಒಂದೇ ದಿನ. ನಿನ್ನಣ್ಣ ಹೋದ ನಾಲ್ಕನೇ ದಿನ.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಫಾರಂ ತಪ್ಪಿರಲಿಲ್ಲ ಪುಟ್ಟಿ. ಹೊಸಬರು ಬಂದರೆ ಮೇಸ್ತ್ರಿ ನನ್ನ ಹೊಲಿಗೆಯನ್ನೇ ತೋರಿಸುತ್ತಾರೆ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು. ಮಸಿ ಮೆತ್ತಿದ, ಓರೆ ಮಡಿಸಿದ ಫಾರಂಗಳು ರದ್ದಿಗೆ ಹೋಗುತ್ತವೆ. ಕೇಳಿದರೆ ಮೇಸ್ತ್ರಿ ಮನೆಗೆ ಒಯ್ಯಲು ಬಿಡುತ್ತಾರೆ. ಮದುವೆಯಾದಾಗಿನಿಂದಲ್ಲ, ನಾನು ಕೆಲಸಕ್ಕೆ ಸೇರಿದಾಗಿನಿಂದ ಅವನ್ನು ತಂದು ನಿನ್ನಣ್ಣನಿಗೆ ಓದಿ ಹೇಳುತ್ತಿದ್ದೆ. ದಿನವಿಡೀ ಅಂಗಡಿಗಳ ಬೋರ್ಡು ಬರೆದು ಬರುವವರು. “ಅಕ್ಷರ ಬರೆಯೋದು ನನ್ನ ಕೆಲಸ, ಓದೋದು ನಿನ್ನ ಕೆಲಸ” ಎಂದು ಕಾಲು ಚಾಚಿ ಮಲಗುತ್ತಿದ್ದರು. ರದ್ದಿಯಲ್ಲಿ ಸಿಕ್ಕ ಫಾರಮಿಗೆ ತಲೆಯಿದ್ದರೆ ಬಾಲವಿಲ್ಲ. ಎಷ್ಟೋ ಕಥೆಗಳಿಗೆ ಅವರೇ ಕೊನೆ ಕಟ್ಟಿ ಹೇಳಿದ್ದಾರೆ. ಅವರು ಕಟ್ಟಿದ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ, ಎಲ್ಲರೂ ಬೋರ್ಡು ಬರೆಸಿ ಅಂಗಡಿ ಇಡುತ್ತಿದ್ದರು.

ಆಸ್ಪತ್ರೆಯ ಹನ್ನೊಂದು ದಿನ ನೀನು ಸಂಜೆ ಬರುತ್ತಿದ್ದೆ. ನಾನು ರಾತ್ರಿ ಇರುತ್ತಿದ್ದದ್ದಲ್ಲದೆ ಮಧ್ಯಾಹ್ನದ ಊಟದ ಬಿಡುವಿನಲ್ಲೂ ಓಡಿ ಬಂದು ಓದುತ್ತಿದ್ದೆ. ಆಗ ನಮ್ಮಲ್ಲಿ ಆ ಪತ್ತೇದಾರಿ ಪುಸ್ತಕ ನಡೆಯುತ್ತಿತ್ತು. ಅದೃಷ್ಟಕ್ಕೆ ಒಂದರಿಂದ ಆರರವರೆಗೆ ಎಲ್ಲ ಫಾರಮುಗಳೂ ರದ್ದಿಯಲ್ಲಿ ಸಿಕ್ಕವು. ಮೊದಲ ಸಲ ಒಂದು ಕಥೆ ತಲೆಯಿಂದ ಶುರುವಾಗಿತ್ತು. ಅವರಿಗೆ ಮಾತಾಡಿದರೆ ಕೆಮ್ಮು, ಕಣ್ಣಿನಲ್ಲೇ ಕೇಳುತ್ತಿದ್ದರು. ಹತ್ತನೇ ದಿನ ಆರನೇ ಫಾರಂ ಮುಗಿಯಿತು.

“ಆಮೇಲೆ?” ಎಂದರು.

“ಏಳನೇದು ಇನ್ನೂ ಯಾವುದೂ ಕೆಟ್ಟಿಲ್ಲ. ಕೆಟ್ಟರೆ ತರ್ತೀನಿ” ಎಂದೆ.

“ನನಗೋಸ್ಕರ ಒಂದು ಹಾಳು ಮಾಡ್ಬಾರ್ದೇನೇ?”

“ಒಳ್ಳೇ ಹಾಳೆ ಹಾಳು ಮಾಡೋದಾ? ದೇವರು ನೋಡ್ತಿರ್ತಾನೆ.”

“ದೇವರಿಗೂ ಯಾರು ಕೊಂದ್ರು ಅಂತ ತಿಳ್ಕೋಬೇಕು ಅಂತ ಇರುತ್ತೆ ಕಣೆ” ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು, ನರ್ಸಮ್ಮ ಬಂದು ನನ್ನನ್ನು ಹೊರಗೆ ಕಳಿಸಿದರು. ಮಾರನೆಯ ದಿನ ಊಟದ ಬಿಡುವಿಗೆ ಮೊದಲೇ ಅವರು ಹೋದರು.

ಮೇಜಿನ ಮೇಲೆ ಏಳನೆಯವು ಎಂಟುನೂರು ಇದ್ದವು ಪುಟ್ಟಿ. ಒಂದನ್ನು ಓರೆ ಮಡಿಸಿದ್ದರೆ ಸಾಕಿತ್ತು. ಗೋಂದಕ್ಕನ ಬಕೆಟ್ಟಿನ ಪಕ್ಕದಲ್ಲಿ ಒಂದನ್ನು ಬೀಳಿಸಿದ್ದರೂ ಆಗುತ್ತಿತ್ತು. ನಾನು ಮಾಡಲಿಲ್ಲ. ನಾಲ್ಕನೇ ದಿನ ಕೆಲಸಕ್ಕೆ ಹೋದದ್ದು ಯಾಕೆಂದು ನೀನು ಕೇಳಲಿಲ್ಲ. ಮನೆಯಲ್ಲಿ ಕೂತರೆ ಕೈ ಸುಮ್ಮನಿರುತ್ತಿತ್ತು, ಅಷ್ಟೇ. ಅವತ್ತು ಪ್ರೇಮಕಥೆ ಜೋಡಿಸುತ್ತಾ ನಡೆದವಳು ಪಕ್ಕದ ಮೇಜಿನ ಏಳನೆಯದನ್ನು ಯಾವಾಗ ಎತ್ತಿದೆನೋ, ಯಾರಿಗೆ ಒಯ್ಯಲು ಎತ್ತಿದೆನೋ ನನಗೆ ನೆನಪಿಲ್ಲ. ಎತ್ತಿ, ಸೇರಿಸಿ, ಹೊಲಿದಿದ್ದೇನೆ. ಗೊತ್ತೇ ಆಗಿಲ್ಲ.

ಹೋದ ಶುಕ್ರವಾರ ಆ ಹದಿನಾರು ಪುಟವನ್ನೂ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಇನ್ಸ್‌ಪೆಕ್ಟರ್ ತೋಟದ ಮಾಲಿಯನ್ನು ಹಿಡಿಯುತ್ತಾನೆ. ಅವನಲ್ಲವೆಂದು ನನಗೂ ಗೊತ್ತು, ಬರೆದವರಿಗೂ ಗೊತ್ತು. ನೂರ ಹನ್ನೆರಡನೇ ಪುಟದಲ್ಲಿ ಫೋನು ಬಡಿದುಕೊಳ್ಳುತ್ತದೆ. ನೂರ ಹದಿಮೂರರಲ್ಲಿ ಸಂಗೀತದ ಹುಡುಗಿಗೆ ಮದುವೆಯೇ ಆಗಿಹೋಗಿದೆ. ಪುಸ್ತಕ ಮುಚ್ಚಿದೆ. “ಆಮೇಲೆ” ಎಂದು ಯಾರೂ ಕೇಳಲಿಲ್ಲ. ಈಗಲಾದರೂ ಅಳು ಬರಬಹುದೆಂದು ಕಾದೆ ಎಂದೇ ಹೇಳುತ್ತೇನೆ. ಬರಲಿಲ್ಲ. ಎದ್ದು ಹೋಗಿ ಬಿಂದಿಗೆ ತೊಳೆದೆ. ದೇವರ ಮುಂದೆ ನಿಂತು ಕೇಳಿದ್ದೂ ಆಯಿತು, ನನ್ನದು ಏನು ಒಣಗಿದೆ ಎಂದು. ದೇವರೂ ನಿನ್ನ ಹಾಗೆ, ಮಾತಿಲ್ಲ.

ಮಾರನೆಯ ದಿನ ಮೇಸ್ತ್ರಿಗೆ ತಪ್ಪು ಒಪ್ಪಿಕೊಂಡೆ. ಕನ್ನಡಕ ಏರಿಸಿ ಗಂಟು ನೋಡಿದರು, ತಾರೀಖು ಕೇಳಿದರು, ಆಮೇಲೆ ಮೆಲ್ಲಗೆ, “ಪ್ರೇಮಕಥೆಯ ಏಳನೇದು ಒಂದು ಮಿಕ್ಕಿದೆ, ಬಿಚ್ಚಿ ಸರಿಯಾದ್ದು ಹಾಕಿ ಹೊಲಿದು ಕೊಡಿ ಅಮ್ಮ” ಎಂದರು. ಕತ್ತರಿ ತಂದು ಕೂತೆ. ದಾರಕ್ಕೆ ತಾಗಿಸಿದೆ. ಕತ್ತರಿಸಲಿಲ್ಲ.

ಹಾಗಾಗಿ ನಿನ್ನ ಚೀಟಿಗೆ ಉತ್ತರ ಇದು. ನಾಲ್ಕು ಪುಸ್ತಕಗಳಲ್ಲಿ ಯಾವುದಕ್ಕೂ ನಾನು ಅಳಲಿಲ್ಲ. ನಿನ್ನ ಮಾತಿನ ಪ್ರಕಾರ ನೀನು ಬರಬೇಕಾಗಿಲ್ಲ. ಮೂರನ್ನು ಇದರ ಜೊತೆ ಕಳಿಸಿದ್ದೇನೆ. ನಾಲ್ಕನೆಯದನ್ನು ಕೊಡುವುದಿಲ್ಲ, ಕೇಳಬೇಡ. ಹಾಳು ಪ್ರತಿ ಎಂದು ನೀನೇ ಬರೆದಿದ್ದೀಯ, ಹಾಳು ಮಾಡಿದವಳ ಹತ್ತಿರ ಇರಲಿ.

ಆದರೆ ಆ ಪತ್ತೇದಾರಿ ಪುಸ್ತಕ ನಿನ್ನ ಅಂಗಡಿಯ ಕಪಾಟಿನಲ್ಲಿ ಇದ್ದೇ ಇರುತ್ತದೆ. ನಮ್ಮಲ್ಲಿ ಅದರದ್ದೆಲ್ಲವೂ ಹೊಲಿದು ಹೋಯಿತು, ರದ್ದಿಯೂ ಹೋಯಿತು. ಎಂಟನೇ ಫಾರಂ ನೂರ ಹದಿಮೂರನೇ ಪುಟದಿಂದ ಶುರು. ಅದನ್ನು ನಾನೊಬ್ಬಳೇ ಓದಲಾರೆ. ಇಷ್ಟು ವರ್ಷ ಓದಿದವಳು ನಾನು, ಇದೊಂದನ್ನು ಕೇಳುವವಳಾಗಿ ಕೂರಬೇಕು ಅನ್ನಿಸಿದೆ. ನಿನ್ನಣ್ಣನ ಬದಲು ಯಾರು ಕೇಳಬಹುದು, ನನ್ನ ಬದಲು ಯಾರು ಓದಬಹುದು ಎಂದು ಯೋಚಿಸಿದರೆ ನಮ್ಮಿಬ್ಬರ ಹೆಸರೇ ಬರುತ್ತದೆ. ನನ್ನನ್ನು ಅಳಿಸಲು ಬರಬೇಡ, ಸಮಾಧಾನ ಮಾಡಲೂ ಬೇಡ. ಓದಲು ಬಾ. ಭಾನುವಾರ ನನಗೆ ರಜೆ, ನಿನ್ನ ಅಂಗಡಿಯೂ ಅರ್ಧ ದಿನ.

ದೇವರು ನಿನ್ನನ್ನು, ನಿನ್ನ ಮನೆಯವರನ್ನು ತಣ್ಣಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಸ್ತಕದ ಧೂಳಿಗೆ ನಿನಗೆ ಸೀನು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ.

ಇಂತಿ, ನೀನು ಏನೇ ಅಂದರೂ
ನಿನ್ನ ಅತ್ತಿಗೆ

ನಮ್ಮ ಪುಸ್ತಕದ ಕಟ್ಟು ಸಾಗಿಸುವ ಟೆಂಪೋ ಅಣ್ಣ ಗುರುವಾರ ನಿಮ್ಮ ಬೀದಿಗೆ ಬರುತ್ತಾರೆ. ನಿನ್ನ ಉತ್ತರ ತೆಗೆದುಕೊಂಡು ಬರಲು ಅವರಿಗೇ ಹೇಳಿದ್ದೇನೆ. ಬರುತ್ತೇನೆ, ಬರುವುದಿಲ್ಲ, ಯಾವುದಾದರೂ ಒಂದನ್ನು ಬರೆದು ಅವರ ಕೈಗೆ ಕೊಡು. ಬರಿಗೈಯಲ್ಲಿ ಮಾತ್ರ ಕಳಿಸಬೇಡ.